ಇಳಿಯದ ವೃಷಣ, ಉದರದರ್ಶಕ ಮತ್ತು ಮೊದಲಿಗರ ಚರಿತ್ರೆ: ಒಂದು ವಿಮರ್ಶೆ

೧

ಶಸ್ತ್ರವೈದ್ಯದ ಪ್ರೌಢಲೇಖನಗಳನ್ನು ತೆರೆದು ನೋಡಿದವರಿಗೆ ಒಂದು ಸಂಪ್ರದಾಯ ಪರಿಚಿತವಾಗಿರುತ್ತದೆ. ವಿಷಯ ಯಾವುದೇ ಆಗಿರಲಿ, ಮೊದಲ ಒಂದೆರಡು ಪ್ಯಾರಾಗಳು ಚರಿತ್ರೆಗೆ ಮೀಸಲು. ಇಂಥ ಇಸವಿಯಲ್ಲಿ ಇಂಥವರು ಮೊದಲು ಕಂಡರು, ಇಂಥ ಇಸವಿಯಲ್ಲಿ ಇಂಥವರು ಮೊದಲು ಶಸ್ತ್ರಕ್ರಿಯೆ ನಡೆಸಿದರು ಎಂದು ಹೆಸರುಗಳನ್ನು ಮಣಿಗಳಂತೆ ಪೋಣಿಸಿ, ಆ ಸರದ ತುದಿಗೆ ಲೇಖಕರು ತಮ್ಮ ಪ್ರಕೃತ ಕಾರ್ಯವನ್ನು ಕಟ್ಟುತ್ತಾರೆ. ಓದುವವರು ಸಾಮಾನ್ಯವಾಗಿ ಈ ಭಾಗವನ್ನು ಬಿಟ್ಟು ಮುಂದೆ ಹೋಗುತ್ತಾರೆ. ಬರೆಯುವವರೂ ಅನೇಕ ವೇಳೆ ಅದನ್ನು ಹಿಂದಿನವರ ಬರಹದಿಂದಲೇ ಎತ್ತಿಕೊಂಡಿರುತ್ತಾರೆ.

ಚರಿತ್ರೆಯ ಅಧ್ಯಾಪಕರಾದ ನಮಗೆ ಶಸ್ತ್ರವೈದ್ಯದಲ್ಲಿ ಅಧಿಕಾರವಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ಆ ಒಂದೆರಡು ಪ್ಯಾರಾಗಳ ಮಟ್ಟಿಗಾದರೂ ನಮ್ಮ ಶಾಸ್ತ್ರಕ್ಕೆ ಮಾತನಾಡುವ ಹಕ್ಕು ಉಂಟು. ಅಲ್ಲಿ ಚರಿತ್ರೆಯೆಂಬ ಹೆಸರಿನಲ್ಲಿ ಹೇಳಲಾಗುತ್ತಿರುವುದು ನಿಜವಾಗಿ ಚರಿತ್ರೆಯೇ ಅಥವಾ ಕೇವಲ ವಂಶಾವಳಿಯೇ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಉದಾಹರಣೆಗಾಗಿ ನಾವು ಆರಿಸಿಕೊಂಡಿರುವುದು, ಗಂಡುಮಕ್ಕಳಲ್ಲಿ ವೃಷಣವು ತನ್ನ ಕೋಶಕ್ಕೆ ಇಳಿಯದೆ ಉಳಿಯುವ ದೋಷ ಮತ್ತು ಅದನ್ನು ಉದರದರ್ಶಕದಿಂದ, ಎಂದರೆ ಲ್ಯಾಪರೊಸ್ಕೋಪಿನಿಂದ, ಕಂಡುಹಿಡಿದು ಸರಿಪಡಿಸುವ ಕ್ರಮ. ಈ ವಿಷಯವನ್ನು ಪತ್ರಿಕೆಯಲ್ಲಿ ಚರ್ಚಿಸುವುದಕ್ಕೆ ಸಂಕೋಚಪಡುವ ವಾಚಕರು ಇರಬಹುದು. ಆ ಸಂಕೋಚವೇ ಈ ಚರಿತ್ರೆಯ ಒಂದು ಪಾತ್ರವೆಂಬುದು ಲೇಖನದ ಕೊನೆಗೆ ಸ್ಪಷ್ಟವಾಗುವುದೆಂದು ನಂಬಿದ್ದೇವೆ.

೨

ಮೊದಲು ವಿಷಯಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಗರ್ಭಸ್ಥ ಶಿಶುವಿನಲ್ಲಿ ವೃಷಣಗಳು ಹುಟ್ಟುವುದು ಉದರದ ಹಿಂಗೋಡೆಯಲ್ಲಿ, ಮೂತ್ರಪಿಂಡಗಳ ಸಮೀಪದಲ್ಲಿ. ಅಲ್ಲಿಂದ ಅವು ಕ್ರಮೇಣ ಕೆಳಗಿಳಿದು, ತೊಡೆಸಂದಿನ ನಾಳವನ್ನು ಹಾದು, ಜನನಕ್ಕೆ ಮುಂಚೆ ವೃಷಣಕೋಶವನ್ನು ಸೇರುತ್ತವೆ. ದಿನ ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು ಮೂರು ನಾಲ್ಕು ಮಕ್ಕಳಲ್ಲಿ ಒಂದು ಅಥವಾ ಎರಡು ವೃಷಣಗಳು ಈ ಪಯಣವನ್ನು ಮುಗಿಸಿರುವುದಿಲ್ಲ. ದಿನ ತುಂಬುವ ಮುನ್ನ ಹುಟ್ಟಿದವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಹುಟ್ಟಿದ ಮೊದಲ ಆರು ತಿಂಗಳೊಳಗೆ ಇವರಲ್ಲಿ ಬಹುಮಂದಿಗೆ ವೃಷಣ ತಾನಾಗಿ ಇಳಿಯುತ್ತದೆ. ವರ್ಷ ತುಂಬುವ ಹೊತ್ತಿಗೆ ಉಳಿಯುವವರು ಸುಮಾರು ನೂರಕ್ಕೆ ಒಬ್ಬರು. ಆರು ತಿಂಗಳ ಬಳಿಕ ಅದು ತಾನಾಗಿ ಇಳಿಯುವುದು ಅಪರೂಪ.

ವೃಷಣಕೋಶದ ಉಷ್ಣತೆ ದೇಹದ ಒಳಭಾಗಕ್ಕಿಂತ ಎರಡು ಮೂರು ಡಿಗ್ರಿ ಕಡಮೆ. ಬೀಜೋತ್ಪಾದನೆಗೆ ಈ ತಂಪು ಅವಶ್ಯಕ. ಒಳಗೇ ಉಳಿದ ವೃಷಣದಲ್ಲಿ ಬೀಜಕಣಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತವೆ. ಮುಂದೆ ಅದರಲ್ಲಿ ಅರ್ಬುದ ಹುಟ್ಟುವ ಸಂಭವವೂ ಇತರರಿಗಿಂತ ಹೆಚ್ಚು. ಇಂಥ ಮಕ್ಕಳಲ್ಲಿ ಐವರಲ್ಲಿ ನಾಲ್ವರಿಗೆ ವೃಷಣವು ತೊಡೆಸಂದಿನಲ್ಲೋ ಅದರ ಸಮೀಪದಲ್ಲೋ ವೈದ್ಯರ ಕೈಗೆ ಸಿಗುತ್ತದೆ. ಇನ್ನುಳಿದ ಒಬ್ಬನಲ್ಲಿ ಅದು ಎಲ್ಲಿಯೂ ಕೈಗೆ ಸಿಗುವುದಿಲ್ಲ. ಉದರದರ್ಶಕದ ಪ್ರವೇಶವಾಗುವುದು ಈ ಐದನೆಯ ಮಗುವಿನ ವಿಷಯದಲ್ಲಿ.

೩

ರೂಢಿಯ ಪೀಠಿಕೆಯು ಆರಂಭವಾಗುವುದು ಲಂಡನ್ನಿನ ಜಾನ್ ಹಂಟರನಿಂದ. ಗರ್ಭಸ್ಥ ಶಿಶುವಿನ ವೃಷಣ ಉದರದಲ್ಲಿರುತ್ತದೆಂಬುದನ್ನು ಅವನಿಗೆ ಮುಂಚೆಯೇ ಹಾಲರನು ಗಮನಿಸಿದ್ದನು. ೧೭೬೨ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಹಂಟರನು ಆ ಅವರೋಹಣದ ಕ್ರಮವನ್ನು ವಿವರಿಸಿ, ವೃಷಣವನ್ನು ಕೋಶಕ್ಕೆ ಕರೆದೊಯ್ಯುವ ತಂತುವಿಗೆ ಚುಕ್ಕಾಣಿಯೆಂಬ ಅರ್ಥದ ಲ್ಯಾಟಿನ್ ಹೆಸರನ್ನಿಟ್ಟನು. ಪೀಠಿಕೆಗಳು ಇಷ್ಟನ್ನು ಹೇಳಿ ಮುಂದೆ ಸಾಗುತ್ತವೆ. ಆದರೆ ಹಂಟರನು ಒಂದು ಹೆಸರನ್ನು ಮಾತ್ರ ಬಿಟ್ಟುಹೋಗಲಿಲ್ಲ, ಒಂದು ಪ್ರಶ್ನೆಯನ್ನೂ ಬಿಟ್ಟುಹೋದನು. ಇಳಿಯದ ವೃಷಣ ಸಾಮಾನ್ಯವಾಗಿ ಸಣ್ಣದಾಗಿಯೂ ಅಪೂರ್ಣವಾಗಿಯೂ ಇರುತ್ತದೆ. ಅದು ಇಳಿಯದಿದ್ದುದರಿಂದ ಕೆಟ್ಟಿತೇ, ಅಥವಾ ಮೊದಲೇ ದೋಷಯುಕ್ತವಾಗಿದ್ದುದರಿಂದ ಇಳಿಯಲಿಲ್ಲವೇ? ಹಂಟರನ ಒಲವು ಎರಡನೆಯ ಪಕ್ಷದ ಕಡೆಗಿದ್ದಿತು.

ಇದು ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಹಂಟರನ ಪಕ್ಷವೇ ಪೂರ್ಣಸತ್ಯವಾಗಿದ್ದರೆ ಶಸ್ತ್ರಕ್ರಿಯೆಯಲ್ಲಿ ಅವಸರವೇನೂ ಇಲ್ಲ. ಮೊದಲೇ ಕೆಟ್ಟಿರುವುದನ್ನು ಸ್ಥಳಾಂತರಿಸಿ ಪ್ರಯೋಜನವೂ ಕಡಮೆ. ಇನ್ನೊಂದು ಪಕ್ಷ ಸತ್ಯವಾಗಿದ್ದರೆ, ತಡಮಾಡಿದ ಒಂದೊಂದು ವರ್ಷವೂ ನಷ್ಟವೇ. ೧೯೨೦ರ ದಶಕದಲ್ಲಿ ಷಿಕಾಗೋ ನಗರದಲ್ಲಿ ಕಾರ್ಲ್ ಮೂರ್ ಎಂಬ ಪ್ರಾಣಿಶಾಸ್ತ್ರಜ್ಞರು, ಆರೋಗ್ಯವಂತ ಗಿನಿ ಇಲಿಗಳ ವೃಷಣವನ್ನು ಉದರದೊಳಕ್ಕೆ ತಳ್ಳಿದರೆ ಬೀಜಕಣಗಳು ನಾಶವಾಗುವುದನ್ನೂ, ಸಕಾಲದಲ್ಲಿ ಮರಳಿ ಕೋಶಕ್ಕೆ ತಂದರೆ ಅವು ಚೇತರಿಸಿಕೊಳ್ಳುವುದನ್ನೂ ತೋರಿಸಿದರು. ಸ್ಥಾನವೇ ಕೇಡಿಗೆ ಕಾರಣವಾಗಬಲ್ಲದೆಂಬುದು ಇದರಿಂದ ಸಿದ್ಧವಾಯಿತು. ಇಂದಿನ ತಿಳಿವಳಿಕೆಯಲ್ಲಿ ಎರಡೂ ಪಕ್ಷಗಳಿಗೆ ಸ್ಥಾನವುಂಟು: ಕೆಲವು ವೃಷಣಗಳಲ್ಲಿ ಹುಟ್ಟುದೋಷವಿರುತ್ತದೆ, ಸ್ಥಾನದ ದೋಷವು ಎಲ್ಲದರಲ್ಲಿಯೂ ಅದರ ಮೇಲೆ ಕೂಡಿಕೊಳ್ಳುತ್ತದೆ. ರೂಢಿಯ ಪೀಠಿಕೆಗಳಲ್ಲಿ ಹಂಟರನ ಹೆಸರು ತಪ್ಪದೆ ಬರುತ್ತದೆ. ಅವನ ಪ್ರಶ್ನೆ ಅಪರೂಪಕ್ಕೆ ಬರುತ್ತದೆ. ಮೂರ್ ಅವರು ಶಸ್ತ್ರವೈದ್ಯರಲ್ಲದ ಕಾರಣ ಮಣಿಸರದಲ್ಲಿ ಅವರಿಗೆ ಬಹುಮಟ್ಟಿಗೆ ಸ್ಥಳವೇ ಇಲ್ಲ. ಇದು ನಮ್ಮ ಮೊದಲನೆಯ ಆಕ್ಷೇಪಣೆ.

೪

ಎರಡನೆಯ ಎಳೆ ಶಸ್ತ್ರಕ್ರಿಯೆಯದು. ೧೮೭೭ರಲ್ಲಿ ಎಡಿನ್‌ಬರೋ ನಗರದ ಥಾಮಸ್ ಆನಂಡೇಲ್ ಅವರು ಒಬ್ಬ ಹುಡುಗನ ದಾರಿತಪ್ಪಿದ ವೃಷಣವನ್ನು ಕೋಶಕ್ಕೆ ತಂದು ನಿಲ್ಲಿಸಿದ್ದು ಈ ಬಗೆಯ ಮೊದಲ ಸಫಲ ಶಸ್ತ್ರಕ್ರಿಯೆಯೆಂದು ಗಣಿತವಾಗಿದೆ. ಇಸವಿಯನ್ನು ಗಮನಿಸಬೇಕು. ಅದೇ ವರ್ಷ ಆನಂಡೇಲ್ ಅವರು ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಲಿಸ್ಟರ್ ಅವರ ಪೀಠಕ್ಕೆ ಉತ್ತರಾಧಿಕಾರಿಯಾದರು. ಹುಣ್ಣು ಕೀವಾಗದಂತೆ ತಡೆಯುವ ಲಿಸ್ಟರ್ ಪದ್ಧತಿ ಇಲ್ಲದಿದ್ದರೆ, ಪ್ರಾಣಾಪಾಯವಿಲ್ಲದ ಒಂದು ದೋಷಕ್ಕಾಗಿ ಮಗುವಿನ ಮೈಗೆ ಶಸ್ತ್ರವಿಡುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಹೀಗೆ ಮೊದಲಿಗನ ಹಿಂದೆ ಒಂದು ಕಾಲವೂ ಒಂದು ಪದ್ಧತಿಯೂ ನಿಂತಿರುತ್ತವೆ.

ಷಿಕಾಗೋದ ಆರ್ಥರ್ ಡೀನ್ ಬೆವನ್ ಅವರು ೧೮೯೯ರಲ್ಲಿ ಈ ಕ್ರಿಯೆಗೆ ಕ್ರಮಬದ್ಧವಾದ ರೂಪವನ್ನು ಕೊಟ್ಟರು. ಮೇಲೆ ಉಳಿದ ವೃಷಣವನ್ನು ಕೆಳಗೆ ತರಲು ಅಡ್ಡಿಯಾಗುವುದು ಮುಖ್ಯವಾಗಿ ಅದರ ರಕ್ತನಾಳಗಳ ಗಿಡ್ಡತನ. ಅನಿವಾರ್ಯವಾದಲ್ಲಿ ಆ ನಾಳಗಳನ್ನೇ ಕತ್ತರಿಸಬಹುದೆಂದು ಬೆವನ್ ಸೂಚಿಸಿದರು; ಆದರೆ ಮುಖ್ಯ ನಾಳವನ್ನು ಕತ್ತರಿಸಿದ ವೃಷಣ ಬದುಕುವುದು ಹೇಗೆಂಬ ಸಂಶಯ ಉಳಿಯಿತು. ಈ ಸಂಶಯಕ್ಕೆ ಅಂಗರಚನೆಯ ಆಧಾರದ ಮೇಲೆ ಉತ್ತರ ಹೇಳಿದವರು ಮೆಲ್ಬರ್ನ್ ನಗರದ ಫೌಲರ್ ಮತ್ತು ಸ್ಟೀಫನ್ಸ್. ೧೯೫೯ರ ಅವರ ಲೇಖನವು, ವೀರ್ಯನಾಳದ ಜೊತೆಗೆ ಸಾಗುವ ಸಣ್ಣ ರಕ್ತನಾಳಗಳು ಮುಖ್ಯ ನಾಳದೊಡನೆ ಸಂಧಿಸುತ್ತವೆಂಬುದನ್ನೂ, ಆ ಸಂಧಿಗೆ ಧಕ್ಕೆಯಾಗದಂತೆ ಮೇಲ್ಭಾಗದಲ್ಲಿ ಕತ್ತರಿಸಿದರೆ ವೃಷಣ ಬದುಕಬಲ್ಲದೆಂಬುದನ್ನೂ ತೋರಿಸಿತು. ಮುಖ್ಯ ನಾಳವನ್ನು ಚಿಮ್ಮಟದಿಂದ ಹಿಡಿದು, ವೃಷಣದ ಹೊದಿಕೆಯನ್ನು ಕೊಂಚ ಸೀಳಿ, ರಕ್ತ ಇನ್ನೂ ಬರುತ್ತದೆಯೇ ಎಂದು ನೋಡುವ ಸರಳ ಪರೀಕ್ಷೆಯೂ ಅವರದೇ. ೧೯೮೪ರಲ್ಲಿ ಲಂಡನ್ನಿನ ರಾನ್ಸ್‌ಲೀ ಅವರು, ಮೊದಲು ನಾಳವನ್ನು ಕಟ್ಟಿಬಿಟ್ಟು, ಉಪನಾಳಗಳು ಬಲಿಯುವುದಕ್ಕೆ ಕಾಲಾವಕಾಶ ಕೊಟ್ಟು, ಅನಂತರ ಎರಡನೆಯ ಸಲ ವೃಷಣವನ್ನು ಇಳಿಸುವ ಕ್ರಮವನ್ನು ಮಂಡಿಸಿದರು. ಇವೆಲ್ಲವೂ ಉದರದರ್ಶಕದ ನೆರವಿಲ್ಲದೆ ನಡೆದ ಕಾರ್ಯಗಳೆಂಬುದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

೫

ಮೂರನೆಯ ಎಳೆ ಉಪಕರಣದ್ದು. ೧೯೦೧ರಲ್ಲಿ ಡ್ರೆಸ್ಡೆನ್ ನಗರದ ಗೇಯೋರ್ಗ್ ಕೆಲಿಂಗ್ ಅವರು ಹ್ಯಾಂಬುರ್ಗಿನ ವಿದ್ವತ್ಸಭೆಯೊಂದರಲ್ಲಿ, ನಾಯಿಯೊಂದರ ಉದರಕ್ಕೆ ಶೋಧಿಸಿದ ಗಾಳಿಯನ್ನು ತುಂಬಿ, ಮೂತ್ರಕೋಶವನ್ನು ನೋಡಲೆಂದು ನಿರ್ಮಿತವಾಗಿದ್ದ ನಳಿಗೆಯಿಂದ ಒಳಗಣ ಅಂಗಗಳನ್ನು ತೋರಿಸಿದರು. ಕೆಲಿಂಗ್ ಅವರ ಮೂಲೋದ್ದೇಶ ನೋಡುವುದಾಗಿರಲಿಲ್ಲ. ಹೊಟ್ಟೆಯೊಳಗಿನ ರಕ್ತಸ್ರಾವವನ್ನು ಗಾಳಿಯ ಒತ್ತಡದಿಂದ ನಿಲ್ಲಿಸಬಹುದೇ ಎಂಬುದು ಅವರ ಪ್ರಶ್ನೆಯಾಗಿದ್ದಿತು. ಆ ಒತ್ತಡದ ಪರಿಣಾಮವನ್ನು ಕಾಣಲು ನಳಿಗೆ ಬೇಕಾಯಿತು. ೧೯೧೦ರಲ್ಲಿ ಸ್ಟಾಕ್‌ಹೋಮಿನ ಯಾಕೋಬೇಯುಸ್ ಅವರು ಮನುಷ್ಯರಲ್ಲಿ, ವಿಶೇಷವಾಗಿ ಜಲೋದರದ ರೋಗಿಗಳಲ್ಲಿ, ಈ ಕ್ರಮವನ್ನು ಬಳಸಿ ಪ್ರಕಟಿಸಿದಾಗ, ತಾವು ಅದಕ್ಕೆ ಮೊದಲೇ ಇಬ್ಬರು ಮನುಷ್ಯರಲ್ಲಿ ಇದನ್ನು ನಡೆಸಿದ್ದೆವೆಂದು ಕೆಲಿಂಗ್ ವಾದ ಹೂಡಿದರು. ಮೊದಲಿಗನಾರೆಂಬ ವ್ಯಾಜ್ಯ ಈ ಉಪಕರಣದ ಜೊತೆಯಲ್ಲಿಯೇ ಹುಟ್ಟಿತು. ಕೆಲಿಂಗ್ ಅವರು ೧೯೪೫ರ ಫೆಬ್ರುವರಿಯಲ್ಲಿ ಡ್ರೆಸ್ಡೆನ್ನಿನ ಮೇಲೆ ನಡೆದ ಬಾಂಬು ದಾಳಿಯಲ್ಲಿ ಮಡಿದರು.

ಇಳಿಯದ ವೃಷಣವನ್ನು ಪತ್ತೆಹಚ್ಚಲು ಉದರದರ್ಶಕವನ್ನು ಬಳಸಿದ ಮೊದಲ ವರದಿಯೆಂದು ಹೇಳಲಾಗುವುದು ಇಟಲಿಯ ಕೊರ್ತೇಸಿ ಮತ್ತು ಅವರ ಸಂಗಡಿಗರದು. ಅದರ ಇಸವಿ ೧೯೭೬. ಯಾಕೋಬೇಯುಸ್ ಅವರಿಂದ ಕೊರ್ತೇಸಿ ಅವರಿಗೆ ಅರುವತ್ತಾರು ವರ್ಷಗಳ ಅಂತರ. ಪೀಠಿಕೆಗಳು ಈ ಅಂತರವನ್ನು ಒಂದು ಅಲ್ಪವಿರಾಮದಲ್ಲಿ ದಾಟಿಬಿಡುತ್ತವೆ. ನಮ್ಮ ದೃಷ್ಟಿಯಲ್ಲಾದರೋ ಚರಿತ್ರೆ ಇರುವುದು ಆ ಅಲ್ಪವಿರಾಮದಲ್ಲಿಯೇ. ಉಪಕರಣ ಇದ್ದಿತು, ರೋಗವೂ ಇದ್ದಿತು. ಎರಡೂ ಒಂದನ್ನೊಂದು ಸೇರಲು ಇಷ್ಟು ಕಾಲ ಏಕೆ ಬೇಕಾಯಿತು?

ಕಾರಣಗಳು ಒಂದಕ್ಕಿಂತ ಹೆಚ್ಚು. ಮೊದಲನೆಯದು ಬೆಳಕು. ಹಳೆಯ ನಳಿಗೆಗಳ ತುದಿಯಲ್ಲಿ ಸಣ್ಣ ವಿದ್ಯುದ್ದೀಪವಿರುತ್ತಿದ್ದಿತು. ಅದರ ಬೆಳಕು ಮಂದ, ಕಾವು ಹೆಚ್ಚು. ೧೯೫೪ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಹಾಪ್‌ಕಿನ್ಸ್ ಅವರೂ, ಪಂಜಾಬಿನಲ್ಲಿ ಹುಟ್ಟಿ ಆಗ ಲಂಡನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ನರಿಂದರ್ ಸಿಂಗ್ ಕಪಾನಿ ಅವರೂ, ಗಾಜಿನ ನವುರಾದ ಎಳೆಗಳ ಕಟ್ಟಿನ ಮೂಲಕ ಪ್ರತಿಬಿಂಬವನ್ನು ಸಾಗಿಸುವ ವಿಧಾನವನ್ನು ಪ್ರಕಟಿಸಿದರು. ಅನಂತರ ಹಾಪ್‌ಕಿನ್ಸ್ ಅವರು ರೂಪಿಸಿದ ಗಾಜಿನ ಕಡ್ಡಿಗಳ ಮಸೂರಕ್ರಮವನ್ನು ೧೯೬೦ರ ದಶಕದಲ್ಲಿ ಜರ್ಮನಿಯ ಕಾರ್ಲ್ ಸ್ಟೋರ್ಟ್ಸ್ ಅವರು ಉಪಕರಣವಾಗಿ ನಿರ್ಮಿಸಿದರು. ಇದಾದ ಬಳಿಕವೇ ಮಗುವಿನ ಉದರಕ್ಕೆ ಹೊಂದುವಷ್ಟು ಸಣ್ಣ ನಳಿಗೆಯಲ್ಲಿ ಸ್ಪಷ್ಟವಾದ ನೋಟ ಸಾಧ್ಯವಾದುದು. ೧೯೭೦ರ ದಶಕದ ಆದಿಯಲ್ಲಿ ಅಮೆರಿಕದ ಗ್ಯಾನ್ಸ್ ಮತ್ತು ಬೆರ್ಚಿ ಅವರು ಈ ಸಣ್ಣ ದರ್ಶಕಗಳನ್ನು ಶಿಶುಗಳಲ್ಲಿ ಬಳಸಿದ್ದನ್ನು ಪ್ರಕಟಿಸಿದರು.

ಎರಡನೆಯ ಕಾರಣ ಅರಿವಳಿಕೆ. ಹೊಟ್ಟೆಗೆ ಅನಿಲ ತುಂಬಿದಾಗ ವಪೆ ಮೇಲಕ್ಕೆ ಒತ್ತಲ್ಪಟ್ಟು ಉಸಿರಾಟ ಕಷ್ಟವಾಗುತ್ತದೆ. ಎಳೆಯ ಮಗುವಿನಲ್ಲಿ ಇದನ್ನು ಸುರಕ್ಷಿತವಾಗಿ ನಿರ್ವಹಿಸಲು ಶಿಶುಗಳ ಅರಿವಳಿಕೆಯೇ ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆಯಬೇಕಾಗಿದ್ದಿತು. ಮೂರನೆಯದು, ನಮ್ಮ ಮತದಲ್ಲಿ ಅತ್ಯಂತ ಮುಖ್ಯವಾದುದು: ಪ್ರಶ್ನೆಯೇ ಅವಸರದ್ದೆಂದು ಯಾರಿಗೂ ತೋರಿರಲಿಲ್ಲ. ಹನ್ನೆರಡನೆಯ ವರ್ಷದವರೆಗೆ ಕಾಯಬಹುದೆಂದು ಎಲ್ಲರೂ ಒಪ್ಪಿದ್ದ ಕಾಲದಲ್ಲಿ, ಎಂಟು ತಿಂಗಳ ಮಗುವಿನ ಹೊಟ್ಟೆಯೊಳಗೆ ಇಣುಕುವ ಅವಶ್ಯಕತೆ ಎಲ್ಲಿಂದ ಬರಬೇಕು?

೬

ಹೀಗೆ ಬಂದ ಉಪಕರಣ ಮಾಡುವುದೇನು? ಮಗುವಿಗೆ ಅರಿವಳಿಕೆ ಕೊಟ್ಟ ಬಳಿಕ ಶಸ್ತ್ರವೈದ್ಯರು ಮೊದಲು ಮತ್ತೊಮ್ಮೆ ಕೈಯಿಂದಲೇ ತಡವಿ ನೋಡುತ್ತಾರೆ. ಮಾಂಸಖಂಡಗಳು ಸಡಿಲಗೊಂಡಿರುವುದರಿಂದ ಎಷ್ಟೋ ವೇಳೆ ವೃಷಣ ಆಗ ಕೈಗೆ ಸಿಕ್ಕಿಬಿಡುವುದುಂಟು. ಸಿಗದಿದ್ದರೆ ಹೊಕ್ಕುಳಿನ ಬಳಿ ಸಣ್ಣ ರಂಧ್ರ ಮಾಡಿ, ಇಂಗಾಲದ ಡೈಆಕ್ಸೈಡನ್ನು ಮಿತವಾದ ಒತ್ತಡದಲ್ಲಿ ತುಂಬಿ, ದರ್ಶಕವನ್ನು ಇಳಿಸುತ್ತಾರೆ. ಅಲ್ಲಿ ಕಾಣಬಹುದಾದುದು ಮುಖ್ಯವಾಗಿ ಮೂರು ಬಗೆ. ವೃಷಣವು ಉದರದೊಳಗೇ ಇರಬಹುದು. ರಕ್ತನಾಳಗಳೂ ವೀರ್ಯನಾಳವೂ ಒಳಬಾಗಿಲನ್ನು ದಾಟಿ ತೊಡೆಸಂದಿಗೆ ಹೋಗಿರಬಹುದು. ಆಗ ಹುಡುಕಾಟವನ್ನು ಅಲ್ಲಿಗೆ ಸಾಗಿಸಬೇಕು. ಅಥವಾ ರಕ್ತನಾಳಗಳು ಒಳಬಾಗಿಲನ್ನು ತಲಪುವ ಮುನ್ನವೇ ಮೊಂಡಾಗಿ ಕೊನೆಗೊಂಡಿರಬಹುದು; ವೃಷಣ ಒಂದು ಕಾಲದಲ್ಲಿ ಇದ್ದು, ಗರ್ಭದಲ್ಲಿಯೇ ರಕ್ತದ ಪೂರೈಕೆ ತಪ್ಪಿ ನಶಿಸಿತೆಂದು ಇದರ ಅರ್ಥ.

ಈ ಮೂರನೆಯ ಬಗೆಯ ಸಂದರ್ಭದಲ್ಲಿ ಉದರದರ್ಶಕದ ನಿಜವಾದ ಹಿರಿಮೆ ವ್ಯಕ್ತವಾಗುತ್ತದೆ. ಶಾಸನ ಸಿಗಲಿಲ್ಲವೆಂಬುದು ಬೇರೆ, ಶಾಸನ ಇರಲಿಲ್ಲವೆಂಬುದು ಬೇರೆ ಎಂದು ನಾವು ಚರಿತ್ರೆಯ ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲಿಯೇ ಹೇಳುತ್ತೇವೆ. ಹಿಂದೆ ತೊಡೆಸಂದನ್ನು ತೆರೆದು ನೋಡಿ ಏನೂ ಸಿಗದಿದ್ದಾಗ, ಶಸ್ತ್ರವೈದ್ಯರು ಕೊಯ್ತವನ್ನು ಮೇಲಕ್ಕೆ ಬೆಳೆಸಬೇಕಾಗುತ್ತಿದ್ದಿತು, ಇಲ್ಲವೇ ಇಲ್ಲವೆಂದು ಬರೆದು ಮುಗಿಸಬೇಕಾಗುತ್ತಿದ್ದಿತು. ಹಾಗೆ ಬರೆದುದರಲ್ಲಿ ಎಷ್ಟೋ ವೃಷಣಗಳು ಉದರದಲ್ಲಿ ಉಳಿದುಹೋಗುವ ಅಪಾಯವಿದ್ದಿತು. ಮೊಂಡಾಗಿ ಮುಗಿದ ರಕ್ತನಾಳವಾದರೋ ಅಭಾವಕ್ಕೆ ಭಾವರೂಪವಾದ ಪ್ರಮಾಣ. ವೀರ್ಯನಾಳ ಮಾತ್ರ ಮೊಂಡಾಗಿದ್ದರೆ ಸಾಲದು, ರಕ್ತನಾಳವನ್ನೇ ಅದರ ಕೊನೆಯವರೆಗೆ ಅನುಸರಿಸಬೇಕೆಂಬ ನಿಯಮವು ಯಾವ ಪ್ರಮಾಣಶಾಸ್ತ್ರಜ್ಞನಿಗಾದರೂ ಮೆಚ್ಚುಗೆಯಾಗುವಂಥದು. ಧ್ವನಿತರಂಗಗಳ ಪರೀಕ್ಷೆ, ಎಂದರೆ ಅಲ್ಟ್ರಾಸೌಂಡ್, ಈ ಪ್ರಮಾಣವನ್ನು ಕೊಡಲಾರದು. ಅದು ಕಾಣಲಿಲ್ಲವೆಂದರೆ ಇಲ್ಲವೆಂದು ಸಿದ್ಧವಾಗುವುದಿಲ್ಲ. ಆದುದರಿಂದಲೇ ಅಮೆರಿಕದ ಯೂರಾಲಜಿ ಸಂಘವು ೨೦೧೪ರ ತನ್ನ ಮಾರ್ಗಸೂಚಿಯಲ್ಲಿ, ತಜ್ಞರ ಬಳಿಗೆ ಕಳುಹಿಸುವ ಮೊದಲು ಅಂಥ ಚಿತ್ರಣ ಪರೀಕ್ಷೆ ಬೇಡವೆಂದು ಹೇಳಿತು.

ನಿರ್ಣಯದಿಂದ ಚಿಕಿತ್ಸೆಗೆ ಬಂದರೆ ನಮ್ಮ ಪ್ರಶಂಸೆಯನ್ನು ಸ್ವಲ್ಪ ಹಿಡಿತದಲ್ಲಿಡಬೇಕಾಗುತ್ತದೆ. ೧೯೯೧ರಲ್ಲಿ ಅಮೆರಿಕದ ಡೇವಿಡ್ ಬ್ಲೂಮ್ ಅವರು ರಕ್ತನಾಳವನ್ನು ಉದರದರ್ಶಕದ ಮೂಲಕವೇ ಬಂಧಿಸುವುದನ್ನೂ, ೧೯೯೨ರಲ್ಲಿ ಜೋರ್ಡನ್ ಅವರು ಅದರ ಮೂಲಕವೇ ಒಂದೇ ಸಲಕ್ಕೆ ವೃಷಣವನ್ನು ಇಳಿಸುವುದನ್ನೂ ವರದಿ ಮಾಡಿದರು. ಆದರೆ ಬ್ಲೂಮ್ ನಡೆಸಿದ್ದು, ತತ್ತ್ವದಲ್ಲಿ, ರಾನ್ಸ್‌ಲೀ ಅವರ ಕ್ರಮವನ್ನೇ. ಅದರ ಹಿಂದೆ ಇರುವುದು ಮೆಲ್ಬರ್ನಿನ ೧೯೫೯ರ ಅಂಗರಚನಾಜ್ಞಾನ. ೧೯೯೫ರಲ್ಲಿ ಡೊಸಿಮೊ ಅವರು ಅದುವರೆಗಿನ ಪ್ರಕಟಿತ ವರದಿಗಳಿಂದ ಎಂಟು ಸಾವಿರಕ್ಕೂ ಮೇಲ್ಪಟ್ಟ ವೃಷಣಗಳ ಫಲಿತಾಂಶವನ್ನು ಒಟ್ಟುಗೂಡಿಸಿದರು. ಅದರಂತೆ ಫೌಲರ್–ಸ್ಟೀಫನ್ಸ್ ಕ್ರಮವನ್ನು ಒಂದೇ ಸಲಕ್ಕೆ ನಡೆಸಿದಾಗ ಯಶಸ್ಸು ನೂರಕ್ಕೆ ೬೭, ಎರಡು ಹಂತಗಳಲ್ಲಿ ನಡೆಸಿದಾಗ ೭೭. ಉದರದಲ್ಲಿದ್ದ ವೃಷಣಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡರೆ ೭೪. ಹೊರಬಾಗಿಲನ್ನು ದಾಟಿ ಕೆಳಗಿದ್ದವುಗಳಲ್ಲಿ ೯೨. ಈ ಅಂಕೆಗಳು ಹೇಳುವುದೇನೆಂದರೆ, ಫಲವನ್ನು ಬಹುಮಟ್ಟಿಗೆ ನಿರ್ಧರಿಸುವುದು ವೃಷಣ ನಿಂತ ಸ್ಥಳ ಮತ್ತು ಅದರ ರಕ್ತನಾಳ. ಉಪಕರಣವು ಕೊಯ್ತವನ್ನು ಕಿರಿದು ಮಾಡಿತು, ನೋಟವನ್ನು ಹಿರಿದು ಮಾಡಿತು, ರಕ್ತನಾಳವನ್ನು ಉದ್ದಮಾಡಲಿಲ್ಲ. ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದ ಷೆಹಾತಾ ಅವರು ಆ ಕೆಲಸಕ್ಕೇ ಕೈಹಾಕಿದರು. ನಾಳವನ್ನು ಕತ್ತರಿಸದೆ, ವೃಷಣವನ್ನು ಉದರದ ಗೋಡೆಯ ಇನ್ನೊಂದು ಪಾರ್ಶ್ವಕ್ಕೆ ಹೊಲಿದು, ಕೆಲವು ವಾರಗಳ ಕಾಲ ಎಳೆತದಲ್ಲಿರಿಸಿ ನಾಳವನ್ನು ನೀಳಮಾಡುವ ಅವರ ಕ್ರಮ ೨೦೧೬ರಲ್ಲಿ ವಿಸ್ತಾರವಾಗಿ ಪ್ರಕಟವಾಯಿತು. ವಿದ್ಯೆಯ ದಾರಿ ಯೂರೋಪು ಅಮೆರಿಕಗಳಿಂದ ಮಾತ್ರ ಹೊರಡುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಉಪಕರಣಕ್ಕೆ ಸಲ್ಲಬೇಕಾದುದನ್ನು ಉಪಕರಣಕ್ಕೆ, ಅಂಗರಚನೆಗೆ ಸಲ್ಲಬೇಕಾದುದನ್ನು ಅಂಗರಚನೆಗೆ ಸಲ್ಲಿಸದಿರುವುದು ರೂಢಿಯ ಪೀಠಿಕೆಗಳ ಎರಡನೆಯ ದೋಷ.

೭

ಮೂರನೆಯ ದೋಷ ಇವೆರಡಕ್ಕಿಂತಲೂ ದೊಡ್ಡದು. ಈ ಚರಿತ್ರೆಯಲ್ಲಿ ಮಗುವಿನ ಬಾಳಿಗೆ ಅತ್ಯಂತ ಪರಿಣಾಮಕಾರಿಯಾದ ಬದಲಾವಣೆಗೆ ಮೊದಲಿಗನೇ ಇಲ್ಲ. ಆದುದರಿಂದ ಅದು ಮಣಿಸರದಲ್ಲಿ ಕಾಣಿಸುವುದೇ ಇಲ್ಲ. ಆ ಬದಲಾವಣೆ ಶಸ್ತ್ರಕ್ರಿಯೆಯ ವಯಸ್ಸಿನದು.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹುಡುಗನು ಪ್ರಾಯಕ್ಕೆ ಬರುವ ಹೊತ್ತಿನವರೆಗೆ ಕಾಯುವುದೇ ವಿವೇಕವೆಂಬ ಭಾವನೆ ಪ್ರಬಲವಾಗಿದ್ದಿತು. ಅದಕ್ಕೆ ಒಂದು ಕಾರಣವೂ ಉಂಟು. ಎಷ್ಟೋ ಹುಡುಗರಲ್ಲಿ ಇಳಿದಿರುವ ವೃಷಣವೇ ಚಳಿಗೋ ಭಯಕ್ಕೋ ತಣ್ಣನೆಯ ಕೈ ತಾಗಿದ್ದಕ್ಕೋ ಮೇಲಕ್ಕೆ ಸರಿದು ಅಡಗುತ್ತದೆ. ಇಂಥವು ಪ್ರಾಯ ಬಂದಾಗ ತಾವಾಗಿ ಕೆಳಗೆ ನಿಲ್ಲುತ್ತವೆ. ಇವನ್ನೂ ನಿಜವಾಗಿ ಇಳಿಯದವನ್ನೂ ಬೆರೆಸಿದುದರಿಂದ, ಕಾದರೆ ಎಲ್ಲವೂ ಇಳಿಯುತ್ತವೆಂಬ ಭ್ರಮೆ ಬೆಳೆಯಿತು. ಲಂಡನ್ನಿನ ಡೆನಿಸ್ ಬ್ರೌನ್ ಅವರು ೧೯೩೮ರಲ್ಲಿ, ಕೈಯಿಂದ ನಡೆಸುವ ಪರೀಕ್ಷೆಯನ್ನು ತಾಳ್ಮೆಯಿಂದ ನಡೆಸಿ ಈ ಎರಡನ್ನೂ ಬೇರ್ಪಡಿಸಬೇಕೆಂದು ತೋರಿಸಿದರು. ಕ್ರಮೇಣ ಶಿಫಾರಸಿನ ವಯಸ್ಸು ಪ್ರಾಯದಿಂದ ಶಾಲೆಗೆ ಸೇರುವ ವಯಸ್ಸಿಗೆ, ಅಲ್ಲಿಂದ ಎರಡು ವರ್ಷಕ್ಕೆ, ಅಲ್ಲಿಂದ ಒಂದು ವರ್ಷದ ಆಸುಪಾಸಿಗೆ ಇಳಿಯಿತು. ೨೦೧೪ರ ಮಾರ್ಗಸೂಚಿಯಂತೆ, ಆರು ತಿಂಗಳಾದರೂ ಇಳಿಯದ ವೃಷಣವಿರುವ ಮಗುವನ್ನು ತಜ್ಞರಲ್ಲಿಗೆ ಕಳುಹಿಸಿ, ಮುಂದಿನ ಒಂದು ವರ್ಷದೊಳಗೆ ಶಸ್ತ್ರಕ್ರಿಯೆ ನಡೆಸಬೇಕು. ಎಂದರೆ ಹೆಚ್ಚೆಂದರೆ ಹದಿನೆಂಟನೆಯ ತಿಂಗಳು.

೨೦೦೭ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು, ಶಸ್ತ್ರಕ್ರಿಯೆಗೆ ಒಳಗಾದ ೧೬,೯೮೩ ಮಂದಿಯ ಮುಂದಿನ ಬಾಳನ್ನು ದಾಖಲೆಗಳ ಮೂಲಕ ಅನುಸರಿಸಿತು. ಹದಿಮೂರು ವರ್ಷಕ್ಕೆ ಮುಂಚೆ ಶಸ್ತ್ರಕ್ರಿಯೆಯಾದವರಲ್ಲಿ ವೃಷಣದ ಅರ್ಬುದದ ಸಂಭವ ಸಾಮಾನ್ಯರಿಗಿಂತ ೨.೨೩ ಪಾಲು, ಅನಂತರ ಆದವರಲ್ಲಿ ೫.೪೦ ಪಾಲು. ಅರ್ಬುದವೇ ಅಪರೂಪವಾದುದರಿಂದ ತಂದೆತಾಯಿಗಳು ಈ ಅಂಕೆಗಳಿಂದ ಭಯಪಡಬೇಕಾಗಿಲ್ಲ. ಆದರೆ ಚರಿತ್ರಕಾರನು ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಆ ಶಸ್ತ್ರಕ್ರಿಯೆಗಳು ನಡೆದುದು ೧೯೬೪ರಿಂದ ೧೯೯೯ರವರೆಗೆ. ಆ ಅವಧಿಯ ಬಹುಭಾಗದಲ್ಲಿ ವರ್ಷದೊಳಗಿನ ಶಸ್ತ್ರಕ್ರಿಯೆ ರೂಢಿಯಲ್ಲಿರಲಿಲ್ಲ. ಹದಿಮೂರೆಂಬ ಗಡಿಯನ್ನು ಎಳೆದದ್ದು ಹಿಂದಿನವರ ನಿಧಾನ. ಅದನ್ನು ಪ್ರಕೃತಿಯ ಗಡಿಯೆಂದು ತಿಳಿದು, ಹನ್ನೆರಡರವರೆಗೆ ಕಾಯಬಹುದೆಂದು ಯಾರಾದರೂ ಓದಿಕೊಂಡರೆ ಅದು ಅಂಕಿಅಂಶದ ತಪ್ಪು ಓದು.

ಇಲ್ಲಿ ನಮ್ಮ ಪರಿಚಯದ ಒಂದು ಮನೆಯ ಸಂಗತಿಯನ್ನು ಹೇಳಬೇಕಾಗಿದೆ. ಆ ಮನೆಯಲ್ಲಿ ಹುಟ್ಟಿದ ಗಂಡುಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ಬರುತ್ತಿದ್ದ ಮುದುಕಿ, ತಿಂಗಳು ತುಂಬುವುದರೊಳಗೆ, ಒಂದು ಕಡೆ ಬೀಜವಿಲ್ಲವೆಂದು ಬಾಣಂತಿಗೆ ಮೆಲ್ಲಗೆ ಹೇಳಿದಳು. ಬಾಣಂತಿ ತನ್ನ ತಾಯಿಗೆ ಹೇಳಿದಳು. ದೊಡ್ಡವನಾದಂತೆ ತಾನೇ ಇಳಿಯುತ್ತದೆ, ಇದನ್ನೆಲ್ಲ ಗಂಡಸರ ಮುಂದೆ ಆಡಬೇಡ ಎಂದು ಅಜ್ಜಿ ಅಂದರು. ಮಾತು ಅಲ್ಲಿಗೆ ನಿಂತಿತು. ಹುಡುಗನಿಗೆ ಹನ್ನೊಂದು ತುಂಬಿದಾಗ ಬೇರೊಂದು ಕಾರಣಕ್ಕೆ ಪರೀಕ್ಷಿಸಿದ ವೈದ್ಯರು ಕೇಳಿದ ಮೇಲೆಯೇ ತಂದೆಗೆ ವಿಷಯ ತಿಳಿದುದು. ಉದರದರ್ಶಕದ ಮೂಲಕ ಶಸ್ತ್ರಕ್ರಿಯೆಯಾಯಿತು. ಅದು ಕುಶಲವಾಗಿಯೂ ನಡೆಯಿತು. ಆದರೆ ಕಳೆದುಹೋದ ಹತ್ತು ವರ್ಷಗಳನ್ನು ಆ ಕುಶಲತೆ ಹಿಂದಕ್ಕೆ ತರಲಾರದೆಂದು ವೈದ್ಯರು ತಂದೆಗೆ ಮರೆಮಾಚದೆ ಹೇಳಿದರು.

ಈ ಸಂಗತಿಯಲ್ಲಿ ನಮ್ಮನ್ನು ಹೆಚ್ಚಾಗಿ ಕಾಡಿದುದು ಅಜ್ಞಾನವಲ್ಲ. ತಿಳಿವಳಿಕೆ ಆ ಮನೆಯಲ್ಲಿ ಮೊದಲ ತಿಂಗಳಿನಲ್ಲಿಯೇ ಇದ್ದಿತು. ಬೆಚ್ಚನೆಯ ನೀರು, ಬೆಚ್ಚನೆಯ ಬಚ್ಚಲುಮನೆ, ಸಡಿಲವಾಗಿ ಮಲಗಿದ ಮಗು, ಪಳಗಿದ ಕೈ: ವೈದ್ಯರು ಪರೀಕ್ಷೆಗೆ ಯಾವ ಅನುಕೂಲಗಳನ್ನು ಬಯಸುತ್ತಾರೋ ಅವೆಲ್ಲವೂ ಆ ಮುದುಕಿಗೆ ದೊರೆತಿದ್ದವು. ಆಕೆ ಕಂಡುದನ್ನು ಸರಿಯಾಗಿಯೇ ಕಂಡಳು. ಕಂಡವಳಿಂದ ಮಾಡಬಲ್ಲವರಿಗೆ ಮಾತು ತಲಪಲು ಹನ್ನೊಂದು ವರ್ಷ ಹಿಡಿಯಿತು. ನಮ್ಮ ದೇಶದ ಆಸ್ಪತ್ರೆಗಳಿಂದ ಪ್ರಕಟವಾಗುವ ವರದಿಗಳೂ ಮಕ್ಕಳು ಶಿಫಾರಸಿನ ವಯಸ್ಸನ್ನು ಮೀರಿ ಬರುತ್ತಾರೆಂದು ಮತ್ತೆ ಮತ್ತೆ ಹೇಳುತ್ತವೆ.

೮

ಇಳಿಯದೆ ಉಳಿದುದಕ್ಕೆ ಗ್ರೀಕ್ ಮೂಲದ ಪಾರಿಭಾಷಿಕ ಪದ, ಅಕ್ಷರಶಃ, ಅಡಗಿದ ವೃಷಣವೆಂದು ಹೇಳುತ್ತದೆ. ಕನ್ನಡದಲ್ಲಿ ವೃಷಣ, ಬೀಜ, ತರಡು ಎಂದು ಮಾತುಗಳಿಗೆ ಕೊರತೆಯಿಲ್ಲ. ಗ್ರಂಥದ ಮಾತು ಮನೆಗೆ ಹೋಗುವುದಿಲ್ಲ. ಮನೆಯ ಮಾತನ್ನು ಆಸ್ಪತ್ರೆಯಲ್ಲಿ ಆಡಲು ನಾಚಿಕೆ. ಆರೋಗ್ಯಶಿಕ್ಷಣದ ಪುಸ್ತಕಗಳನ್ನು ಬರೆಯುವವರು ಅಡಗಿದ ಅಂಗಕ್ಕೆ ಅಡಗದ ಮಾತನ್ನು ಬಳಸಿದರೆ ದೊಡ್ಡ ಉಪಕಾರವಾದೀತು. ತಾಯಂದಿರಿಗೆ ತಿಳಿಯಬೇಕಾದುದು ಬಹಳವಿಲ್ಲ. ಆರು ತಿಂಗಳವರೆಗೆ ಕಾಯಬಹುದು, ಅದಕ್ಕಿಂತ ಹೆಚ್ಚು ಕಾಯಬಾರದು. ಹುಟ್ಟಿದ ಮಗುವಿನಲ್ಲಿ ಎರಡು ಕಡೆಯೂ ಕೈಗೆ ಸಿಗದಿದ್ದರೆ ಆರು ದಿನವೂ ಕಾಯಬಾರದು. ಏಕೆಂದರೆ ಗಂಡಿನಂತೆ ಕಾಣುವ ಆ ಮಗು, ಮೂತ್ರಪಿಂಡದ ಮೇಲಣ ಗ್ರಂಥಿಯ ಹುಟ್ಟುದೋಷವಿರುವ ಹೆಣ್ಣುಮಗುವಾಗಿರಬಹುದು, ಮತ್ತು ಆ ದೋಷವನ್ನು ಗಮನಿಸದೆ ಬಿಟ್ಟರೆ ಕೆಲವು ವಾರಗಳಲ್ಲಿಯೇ ಪ್ರಾಣಕ್ಕೆ ಅಪಾಯ ಬರಬಹುದು.

ಇಷ್ಟು ಪರಿಶೀಲಿಸಿದ ಮೇಲೆ ನಮ್ಮ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಮೊದಲಿಗರ ಪಟ್ಟಿ ಸುಳ್ಳಲ್ಲ. ಹಂಟರ್, ಆನಂಡೇಲ್, ಬೆವನ್, ಫೌಲರ್, ಸ್ಟೀಫನ್ಸ್, ಕೊರ್ತೇಸಿ, ಬ್ಲೂಮ್, ಜೋರ್ಡನ್ ಇವರೆಲ್ಲರೂ ಗೌರವಾರ್ಹರೇ. ಆದರೆ ಆ ಪಟ್ಟಿ ಮೂರು ಬೇರೆ ಬೇರೆ ಚರಿತ್ರೆಗಳನ್ನು, ಎಂದರೆ ಅಂಗರಚನೆಯದನ್ನು, ಉಪಕರಣದ್ದನ್ನು, ಶಸ್ತ್ರದ್ದನ್ನು, ಒಂದೇ ದಾರದಲ್ಲಿ ಪೋಣಿಸಿ, ನಾಲ್ಕನೆಯದಾದ ಕಾಲದ ಚರಿತ್ರೆಯನ್ನು ಹೊರಗೆ ಬಿಡುತ್ತದೆ. ವಿದ್ಯೆ ಹ್ಯಾಂಬುರ್ಗಿನ ಸಭೆಯಿಂದ ಮಗುವಿನ ತೊಟ್ಟಿಲಿಗೆ ಮುಕ್ಕಾಲು ಶತಮಾನದಲ್ಲಿ ಬಂದಿತು. ತೊಟ್ಟಿಲಿನಿಂದ ಆಸ್ಪತ್ರೆಗೆ ಹೋಗುವ ದಾರಿ ಎಷ್ಟು ವರ್ಷಗಳದೆಂಬುದನ್ನು ಯಾವ ಪೀಠಿಕೆಯೂ ಲೆಕ್ಕ ಹಾಕಿಲ್ಲ. ನಮ್ಮ ಕಾಲೇಜುಗಳಲ್ಲಿ ವಿಜ್ಞಾನದ ಚರಿತ್ರೆಯನ್ನು ಅಭ್ಯಾಸ ಮಾಡಲಿಚ್ಛಿಸುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ಕೈಗೆತ್ತಿಕೊಳ್ಳಬಹುದು. ಅದಕ್ಕೆ ಬೇಕಾದ ಆಕರಗಳು ನಮ್ಮ ಜಿಲ್ಲೆಗಳ ಆಸ್ಪತ್ರೆಗಳ ದಾಖಲೆಪುಸ್ತಕಗಳಲ್ಲಿಯೂ, ಮಗುವಿಗೆ ನೀರು ಹಾಕುವ ಹೆಂಗಸರ ನೆನಪುಗಳಲ್ಲಿಯೂ ಇವೆ. ದಾಖಲೆಪುಸ್ತಕಗಳು ಇನ್ನೂ ಕೆಲಕಾಲ ಉಳಿಯುತ್ತವೆ. ನೆನಪುಗಳನ್ನು ಬೇಗನೆ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.